ಶೆಡ್ಡಿನ ಬಿಸಿಲುಕೋಲು

ಅದು ಮೊದಲು ಕೇಳಿಸಿದ್ದು ನನಗಲ್ಲ, ನನ್ನ ಹೆಂಡತಿಗೆ.

"ಕುಕ್ಕರ ಇಳಿಸಿ ತಾಸಾತು. ಮತ್ತ ಸೀಟಿ ಎಲ್ಲಿಂದ ಬರಾಕತ್ತೈತಿ?" ಎನ್ನುತ್ತ ಗಿರಿಜಾ ಅಡುಗೆಮನೆಯಿಂದ ಪಡಸಾಲೆಗೆ ಬಂದಳು. ಸದ್ದನ್ನು ಹಿಂಬಾಲಿಸಿಕೊಂಡು ಬಂದವಳು ಪೇಪರ್ ಓದುತ್ತಿದ್ದ ನನ್ನ ಮುಂದೆ ನಿಂತಳು. ಬಗ್ಗಿ ಎದೆಗೆ ಕಿವಿ ಕೊಟ್ಟಳು.

ಸೀಟಿ ನನ್ನೊಳಗಿತ್ತು.

ಹೈಸ್ಕೂಲಿನಲ್ಲಿ ಕ್ರಾಫ್ಟ್ ಮಾಸ್ತರನಾಗಿ ನಿವೃತ್ತನಾದವನು ನಾನು. ಸೀಟಿ ಹೊಡೆದವರನ್ನು ಬೆಂಚಿನ ಮೇಲೆ ನಿಲ್ಲಿಸಿ ಗೊತ್ತೇ ಹೊರತು ಸೀಟಿಗೆ ಹೆದರಿ ಗೊತ್ತಿಲ್ಲ. ಆದ್ದರಿಂದ ಗಣನೆಗೆ ತೆಗೆದುಕೊಳ್ಳಲಿಲ್ಲ. ಆದರೆ ಸೀಟಿಯ ಬೆನ್ನಿಗೆ ಕೆಮ್ಮು ಬಂತು. ಕೆಮ್ಮಿನ ಬೆನ್ನಿಗೆ ದಮ್ಮು. ಅಂಗಿಯ ಗುಂಡಿ ಹಾಕುವಂಥ ಕ್ಷುಲ್ಲಕ ಕೆಲಸಕ್ಕೂ ನಡುವೆ ವಿಶ್ರಾಂತಿ ಬೇಕಾಗತೊಡಗಿತು.

ಮುಂಡರಗಿಯ ಮಗಳ ಮನೆಗೆ ಹೋಗಿ ಕೆಲವು ದಿನ ಇದ್ದೆವು. ಅಲ್ಲಿ ಸೀಟಿ ಇಲ್ಲ, ಕೆಮ್ಮಿಲ್ಲ. ರೊಟ್ಟಿ ಹೆಚ್ಚಿಗೆ ಉಂಡು ಹೆಚ್ಚಿಗೆ ಮಲಗಿದೆ. ಬೆಟಗೇರಿಗೆ ತಿರುಗಿ ಬಂದ ಮರುದಿನವೇ ಎಲ್ಲವೂ ಸಕುಟುಂಬ ವಾಪಸಾದವು.

"ಮಗಳ ಮನ್ಯಾಗ ಆರಾಮ. ನನ್ನ ಮಾರಿ ನೋಡಿದ ಕೂಡ್ಲೆ ದಮ್ಮು," ಎಂದಳು ಗಿರಿಜಾ. "ಇದನ್ನ ಡಾಕ್ಟರ್ ಮುಂದನೂ ಹೇಳತೀನಿ."

ಹೇಳಿದಳು. ಗದಗಿನ ಎದೆರೋಗದ ಡಾಕ್ಟರು ನಗದೆ ಕೇಳಿದರು. ಸ್ಪೈರೋಮೆಟ್ರಿ ಆಯಿತು: ಮೂಗಿಗೆ ಕ್ಲಿಪ್ಪು, ಬಾಯಿಗೆ ಕೊಳವೆ. ಪಕ್ಕದಲ್ಲಿ ನರ್ಸು "ಊದ್ರಿ, ಊದ್ರಿ, ಬಿಡಬ್ಯಾಡ್ರಿ!" ಎಂದು ಕುಸ್ತಿಯ ಕಣದಲ್ಲಿ ನಿಂತವರಂತೆ ಹುರಿದುಂಬಿಸುತ್ತಿದ್ದಳು.

"ಮನ್ಯಾಗ ಏನೈತ್ರೀ ಮಾಸ್ತರ್ರ?" ಡಾಕ್ಟರು ಕೇಳಿದರು.

"ಹೆಂಡ್ತಿ ಅದಾಳ್ರಿ."

"ಅವರನ್ನ ಬಿಟ್ಟು?"

"ಹಿತ್ತಲದಾಗ ಒಂದು ಶೆಡ್ ಐತ್ರಿ. ಕಟಗಿ ಕೆಲಸ ಮಾಡತೀನಿ."

ಯಾವ ಕಟ್ಟಿಗೆ ಎಂದು ಕೇಳಿದರು. ಲಕ್ಷ್ಮೇಶ್ವರದಲ್ಲಿ ಕೆಡವಿದ ಹಳೆಯ ವಾಡೆಯೊಂದರಿಂದ ತಂದ ಬೀಟೆಯ ತೊಲೆ, ಸಾಗವಾನಿಯ ಬಾಗಿಲು ಎಂದು ಸ್ವಲ್ಪ ಜಂಬದಿಂದಲೇ ವರ್ಣಿಸಿದೆ. ಅವರು ಬರೆದುಕೊಂಡರು: ಆಕ್ಯುಪೇಷನಲ್ ಅಸ್ತಮಾ. ಪಿಂಚಣಿ ತಿನ್ನುವವನಿಗೆ ಉದ್ಯೋಗದ ಕಾಯಿಲೆ! ಸರ್ಕಾರ ಕೈಬಿಟ್ಟವನನ್ನು ವೈದ್ಯಶಾಸ್ತ್ರ ಮತ್ತೆ ಕೆಲಸಕ್ಕೆ ಸೇರಿಸಿಕೊಂಡಂತಾಯಿತು.

"ಕಟಗಿ ಕೆಲಸ ಬಿಟ್ಟಬಿಡ್ರಿ."

ಈ ಮಾತಿಗೆ ನನ್ನ ಹತ್ತಿರ ಹಾಸ್ಯ ಇರಲಿಲ್ಲ.

ಬೆಟಗೇರಿಯ ಓಣಿಗಳಲ್ಲಿ ಹಗಲೆಲ್ಲ ಕೈಮಗ್ಗ ಬಡಿಯುತ್ತಿದ್ದ ಕಾಲದಲ್ಲಿ ಅಪ್ಪ ಅಲ್ಲಿ ಬಡಗಿಯಾಗಿದ್ದ. ಮಗ್ಗದ ಕೆಲಸ ಇಲ್ಲದಾಗ ವ್ಯಾಸಪೀಠ ಮಾಡುತ್ತಿದ್ದ. ಒಂದೇ ಹಲಗೆಯನ್ನು ಸೀಳಿ, ಮೊಳೆ ಅಂಟು ಯಾವುದೂ ಇಲ್ಲದೆ, ಕತ್ತರಿಯಂತೆ ಬಿಚ್ಚಿಕೊಳ್ಳುವ ಪುಸ್ತಕಪೀಠ. ಮಠಕ್ಕೆ ಹೋದರೆ ಅದರ ಮೇಲೆ ಪುರಾಣ ಕೂರುತ್ತಿತ್ತು. ಮಸೀದಿ ಓಣಿಗೆ ಹೋದರೆ ಅದಕ್ಕೇ ರೆಹಲ್ ಎಂದು ಹೆಸರು, ಮೇಲೆ ಕುರಾನು. ಅವನು ಕೆಲಸ ಮಾಡುವ ಕೋಣೆಯ ಮಾಡಿನಲ್ಲಿ ಹಂಚುಗಳ ನಡುವೆ ಒಂದು ಗಾಜಿನ ಹಂಚಿತ್ತು. ಅದರಿಂದ ಬಿಸಿಲಿನ ಕೋಲೊಂದು ಓರೆಯಾಗಿ ಅಪ್ಪನ ಭುಜದ ಹಿಂದೆ ಇಳಿಯುತ್ತಿತ್ತು. ಅದರೊಳಗೆ ಕಟ್ಟಿಗೆಯ ಹುಡಿ ಚಿನ್ನದ ಪುಡಿಯಂತೆ ಏರುತ್ತ ಇಳಿಯುತ್ತ ಇರುತ್ತಿತ್ತು. ಶಾಲೆಯಿಂದ ಬಂದವನು ಪಾಟಿಚೀಲ ಎಸೆದು ಆ ಕೋಲನ್ನು ಹಿಡಿಯಲು ನೋಡುತ್ತಿದ್ದೆ. ಹಿಡಿಯಲು ಹೋದಷ್ಟೂ ಅದು ಇನ್ನಷ್ಟು ಕುಣಿಯುತ್ತಿತ್ತು. ಈಗಿನ ನನ್ನ ಶೆಡ್ಡಿನ ತಗಡಿಗೆ ತೂತು ಬಿದ್ದಾಗ ನಾನು ಮುಚ್ಚಿಸದೆ ಬಿಟ್ಟದ್ದು ಇದೇ ಕಾರಣಕ್ಕೆ. ಮಳೆಗಾಲದಲ್ಲಿ ಕೆಳಗೆ ಒಂದು ಬಕೀಟು ಇಡುತ್ತೇನೆ.

ಇದಿಷ್ಟನ್ನೂ ಡಾಕ್ಟರ ಮುಂದೆ ಹೇಳಲಾಗುವುದಿಲ್ಲ. "ಧೂಳು ಮೂಗಿಗೆ ಬರದಂಗ ಮಾಡಿದ್ರ?" ಎಂದಷ್ಟೇ ಕೇಳಿದೆ.

ಅವರಿಗೆ ಮನಸ್ಸಿರಲಿಲ್ಲ. ಆದರೂ ಇನ್‌ಹೇಲರ್ ಬರೆದರು, ಬೀಟೆಯನ್ನು ಪೂರ್ತಿ ನಿಷೇಧಿಸಿದರು, ಮಾಸ್ಕ್ ಕಡ್ಡಾಯ ಮಾಡಿದರು, ಉಸಿರಿನ ಜೋರು ಅಳೆಯುವ ಪೀಕ್ ಫ್ಲೋ ಮೀಟರ್ ಎಂಬ ಊದುಗೊಳವೆ ಕೊಡಿಸಿದರು. ಮುಂಜಾನೆ ಸಂಜೆ ಊದಬೇಕು. ಮುಳ್ಳು ಹಸಿರಿನಲ್ಲಿದ್ದರೆ ಕ್ಷೇಮ, ಹಳದಿಗೆ ಇಳಿದರೆ ಶೆಡ್ಡಿಗೆ ಬೀಗ.

"ಕೀಲಿ ಯಾರ ಕಡೆ ಇರತೈತಿ?" ನಾನು ಕೇಳಿದೆ.

"ನನ್ನ ಕಡೆ," ಎಂದಳು ಗಿರಿಜಾ. ಅದು ಆಗಲೇ ಅವಳ ಸೊಂಟದಲ್ಲಿತ್ತು.

ಮಗಳಿಗೆ ವರ ನೋಡುವಾಗಲೂ ನಾನು ಅಷ್ಟು ವಿಚಾರಣೆ ಮಾಡಿರಲಿಲ್ಲ, ಹುಡಿ ಹೀರುವ ಡಸ್ಟ್ ಕಲೆಕ್ಟರಿಗೆ ಮಾಡಿದೆ. ಮೊಬೈಲಿನ ವಿಡಿಯೋಗಳಲ್ಲಿ ಒಬ್ಬ ಮೋಟರಿನ ಶಕ್ತಿಯೇ ಮುಖ್ಯ ಎಂದ. ಇನ್ನೊಬ್ಬ ಕೊಳವೆಯ ಅಗಲ ಎಂದ. ಮೂರನೆಯವನು ಇಬ್ಬರನ್ನೂ ಬೈದ. ಕೊನೆಗೆ ಬಾಲ್ಯದ ಗೆಳೆಯ ರಾಜೇಸಾಬನ ಹಿಟ್ಟಿನ ಗಿರಣಿಗೆ ಹೋದೆ. ಅವನಿಗೂ ಇದರಲ್ಲಿ ಸ್ವಾರ್ಥವಿತ್ತು. ಮೊಮ್ಮಗಳಿಗೆ ನನ್ನಿಂದಲೇ ಒಂದು ರೆಹಲ್ ಆಗಬೇಕಿತ್ತು.

"ಅಷ್ಟ್ಯಾಕ ತಲಿ ಕೆಡಿಸ್ಕೊಂತೀಲೇ ಮಾಸ್ತರ? ನೋಡಿಲ್ಲೆ, ಗಿರಣಿ ಬಾಯಿಗೆ ಅರಿವಿ ಚೀಲ ಕಟ್ಟೀನಿ. ಹಿಟ್ಟು ಎಲ್ಲೆರೆ ಹೋಗತೈತೇನು? ಇಷ್ಟು ವರ್ಷ ಆತು, ನನಗೇನಾಗೈತಿ?"

ಇಷ್ಟು ಹೇಳುವುದರಲ್ಲಿ ಎರಡು ಸಲ ಕೆಮ್ಮಿದ. ಹುಬ್ಬು, ರೆಪ್ಪೆ, ಕಿವಿಯ ಕೂದಲು ಎಲ್ಲ ಜೋಳದ ಹಿಟ್ಟಿನಿಂದ ಬೆಳ್ಳಗಿದ್ದವು. ಇಬ್ಬರೂ ಅದನ್ನು ಪುರಾವೆ ಎಂದು ಪರಿಗಣಿಸಲಿಲ್ಲ.

ಹೊಟ್ಟನ್ನು ಎಳೆದು ಚೀಲಕ್ಕೆ ಊದುವ ಒಂದು ಬ್ಲೋವರ್ ತಂದೆ. ನಿವೃತ್ತಿಯ ಸತ್ಕಾರದಲ್ಲಿ ಬಂದ ಧೋತರಗಳು ಟ್ರಂಕಿನಲ್ಲಿ ನಿರುದ್ಯೋಗಿಗಳಾಗಿದ್ದವು. ಅವುಗಳಿಂದ ಚೀಲ ಹೊಲಿಸಿದೆ. ಸ್ವಿಚ್ ಒತ್ತಿದರೆ ಚೀಲ ಮದುವೆಯೂಟ ಮುಗಿಸಿದ ಗೌಡರ ಹಾಗೆ ಉಬ್ಬಿ ನಿಂತಿತು. ಗರಗಸದ ಹೊಟ್ಟೆಲ್ಲ ಅದರೊಳಗೆ. ನೆಲ ಲಕಲಕ. ಮಾಸ್ಕಿನ ಅಗತ್ಯವೂ ತೀರಿತೆಂದು ಘೋಷಿಸಿ ಗಿರಿಜಾಳನ್ನು ಕರೆದು ಬರಿಗಾಲಲ್ಲಿ ನಡೆಸಿದೆ. ಸಾಗವಾನಿಯ ಹಲಗೆಗೆ ಉಜ್ಜಿ ನುಣುಪು ಮಾಡುವ ಸ್ಯಾಂಡರ್ ಹಿಡಿದು ರೆಹಲ್ ಶುರುಮಾಡಿದೆ.

ಮೊದಲ ದಿನ ಹಸಿರು. ಆಮೇಲೆ ಹಳದಿ. ಮೀಟರೇ ಕೆಟ್ಟಿರಬೇಕೆಂದು ಜಾಡಿಸಿ ಮತ್ತೆ ಊದಿದೆ.

ಕೆಂಪು.

ಆಸ್ಪತ್ರೆಯಲ್ಲಿ ನೆಬ್ಯುಲೈಜರಿನ ಹೊಗೆಯೊಳಗೆ ಕೂತಾಗ, ಉಸಿರು ಎಂಬುದು ಎಷ್ಟು ಸಣ್ಣ ಬಾಗಿಲಿನಿಂದ ಒಳಗೆ ಬಂದು ಹೋಗುತ್ತದೆ ಎಂಬುದು ಗೊತ್ತಾಯಿತು. ಅದು ಮುಚ್ಚುತ್ತಿರುವಾಗ ಮನುಷ್ಯ ಯಾವ ಗಾಂಭೀರ್ಯವನ್ನೂ ಉಳಿಸಿಕೊಳ್ಳಲಾರ. ಗಿರಿಜಾ ನನ್ನ ಬೆನ್ನ ಮೇಲೆ ಕೈಯಿಟ್ಟಿದ್ದಳು. ಒಂದು ಟೀಕೆಯನ್ನೂ ಮಾಡಲಿಲ್ಲ. ಅದರಿಂದಲೇ ನನಗೆ ಹೆಚ್ಚು ಭಯವಾಯಿತು.

ಟೀಕೆ ಮನೆಗೆ ಬಂದು ಸುಧಾರಿಸಿಕೊಂಡ ಮೇಲೆ ಬಂತು. ನನ್ನ ಮುಖಕ್ಕೆ ಮಾಸ್ಕ್ ಬಿಗಿದು ಅಂಗಳದಲ್ಲೇ ದೂರ ನಿಲ್ಲಿಸಿ, ತಾನೂ ಮೂಗಿಗೆ ಸೆರಗು ಕಟ್ಟಿಕೊಂಡು ಶೆಡ್ಡಿನೊಳಗೆ ಹೋದಳು. ಮೂಲೆಯ ಹುಡಿಯನ್ನು ಒಂದಿಷ್ಟು ಕೊಳವೆಯ ಬಾಯಿಗೆ ಹಿಡಿದು ಸ್ವಿಚ್ ಒತ್ತಿದಳು.

"ನೆಲಾ ನೋಡಬ್ಯಾಡ್ರಿ. ಬಿಸಲ ನೋಡ್ರಿ."

ತಗಡಿನ ತೂತಿನಿಂದ ಇಳಿದ ಬಿಸಿಲುಕೋಲು ನೋಡುನೋಡುತ್ತ ಹಾಲಿನಂತೆ ಗಟ್ಟಿಯಾಯಿತು.

"ಧೋತರ ಜರಡಿ ಆಗೈತ್ರಿ. ದಪ್ಪಂದು ಚೀಲದಾಗ. ಸಣ್ಣಂದು ನಿಮ್ಮ ಎದಿಯೊಳಗ."

ಎಷ್ಟು ಚೆಂದವಿತ್ತು ಅದು. ಅದೇ ಓರೆ, ಅದೇ ಚಿನ್ನ. ಅಪ್ಪನ ಭುಜವೊಂದು ಮಾತ್ರ ಇರಲಿಲ್ಲ. ನೆನಪಿನ ಆ ಚಿತ್ರಕ್ಕೆ ಒಂದು ಸದ್ದೂ ಇತ್ತು, ಅದು ಆಗ ಕೇಳಿಸಿತು. ಅಪ್ಪ ಕೆಮ್ಮುತ್ತಿದ್ದ. ಉಳಿಗೆ ಪೆಟ್ಟು ಹಾಕುವ ನಡುನಡುವೆ, ಸಂಜೆ ಕೈಕಾಲು ತೊಳೆಯುವಾಗ, ಊಟದ ಮೊದಲು. ನಮ್ಮ ಮನೆಯಲ್ಲಿ ಅದು ಗಡಿಯಾರದ ಬಡಿತದಷ್ಟೇ ಸಹಜವಾಗಿತ್ತು. ಬಿಸಿಲುಕೋಲನ್ನು ನೋಡಿದವನು ನಾನು. ಅದನ್ನು ಉಸಿರಾಡಿದವನು ಅಪ್ಪ.

ಆಮೇಲೆ ಆಯ್ಕೆ ಕಷ್ಟವಾಗಲಿಲ್ಲ. ಸೈಕ್ಲೋನ್ ತರಿಸಿದೆ. ಬೇಸಿಗೆಯಲ್ಲಿ ಹರ್ತಿಯ ಹೊಲಗಳಲ್ಲಿ ಏಳುವ ಸುಳಿಗಾಳಿಯನ್ನು ಹಿಡಿದು ಲಾಳಿಕೆಯಾಕಾರದ ಡಬ್ಬಿಯೊಳಗೆ ಕೂಡಿಹಾಕಿದಂಥ ಯಂತ್ರ. ದಪ್ಪ ಹೊಟ್ಟು ಸುತ್ತಿ ಸುತ್ತಿ ಕೆಳಗಿನ ಡ್ರಮ್ಮಿಗೆ ಬೀಳುತ್ತದೆ. ಉಳಿದ ನುಣುಪು ಹುಡಿಯನ್ನು ಅದರ ಹಿಂದಿನ ಫಿಲ್ಟರು ಹಿಡಿಯುತ್ತದೆ, ಟ್ರ್ಯಾಕ್ಟರಿನ ಏರ್ ಫಿಲ್ಟರಿಗೆ ಅಣ್ಣನಾಗಬೇಕು ಅದು. ಗರಗಸದ ಬಾಯಿಗೊಂದು ಕೊಳವೆ, ಸ್ಯಾಂಡರಿಗೊಂದು. ಮಾಸ್ಕ್ ಮರಳಿ ಬಂತು. ಬೀಟೆಯ ತೊಲೆ, ಕಣ್ಣೆದುರೇ, ಮನೆಬಿಟ್ಟು ಹೋಯಿತು.

ಹಳೆಯ ಹುಡಿಯನ್ನೆಲ್ಲ ಗಿರಿಜಾ ಆಳು ಹಚ್ಚಿ ತೊಳೆಸಿದಳು. ಪರೀಕ್ಷೆಯ ದಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಇನ್‌ಸ್ಪೆಕ್ಟರರಂತೆ ಕೂತಳು. ನಾನು ರೆಹಲ್ಲಿಗೆ ಸ್ಯಾಂಡರ್ ಹಿಡಿದೆ. ಬಹಳ ಹೊತ್ತಿನ ಮೇಲೆ ಅವಳು ಎದ್ದು ನಿಂತಳು.

"ಕೋಲು ಎಲ್ಲಿ ಹೋತ್ರೀ?"

ತಗಡಿನಲ್ಲಿ ತೂತಿತ್ತು. ನೆಲದ ಮೇಲೆ ರೂಪಾಯಿಯಗಲದ ಬೆಳಕಿತ್ತು. ನಡುವೆ ಏನೂ ಇರಲಿಲ್ಲ.

ಸಂಜೆ ಊದಿದೆ. ಹಸಿರು. ಇನ್‌ಹೇಲರ್ ನಡೆದಿದೆ, ತಪಾಸಣೆಯೂ ತಪ್ಪಿಲ್ಲ. "ಇಷ್ಟರ ಮಟ್ಟಿಗೆ ಸರಿ," ಎಂದಿದ್ದಾರೆ ಡಾಕ್ಟರು. ಇಷ್ಟರ ಮಟ್ಟಿಗೆ ನಾನೂ ಕೃತಜ್ಞ. ರೆಹಲ್ ಒಯ್ಯಲು ಬಂದ ರಾಜೇಸಾಬನಿಗೂ ಹೊಸ ಕೊಳವೆ ಹಚ್ಚಿ ಮೀಟರ್ ಕೊಟ್ಟೆ. ಮುಳ್ಳು ಅರ್ಧಕ್ಕೇ ಸುಸ್ತಾಗಿ ನಿಂತಿತು.

"ನಿನ್ನ ಮಷೀನ ಕೆಟ್ಟೈತಿ ಬಿಡಲೇ," ಎಂದ.

"ನಾನೂ ಹಂಗ ಅಂದಿದ್ದೆ," ಎಂದೆ. ಬಾಗಿಲ ತನಕ ಹೋದವನು ತಿರುಗಿ ನಿಂತು, ಆ ಡಾಕ್ಟರು ಯಾವಾಗ ಸಿಗುತ್ತಾರೆ ಎಂದು ಕೇಳಿಕೊಂಡು ಹೋದ.

ಕೀಲಿ ಇನ್ನೂ ಗಿರಿಜಾಳ ಸೊಂಟದಲ್ಲೇ ಇದೆ. ಮುಂಜಾನೆ ಅವಳು ಬಾಗಿಲು ತೆರೆದುಕೊಟ್ಟ ಮೇಲೆ ಒಂದು ನಿಮಿಷ ತೂತಿನ ಬೆಳಕಿನ ಮುಂದೆ ನಿಲ್ಲುತ್ತೇನೆ. ಡ್ರಮ್ಮಿನಿಂದ ಒಂದೇ ಚಿಟಿಕೆ ಹುಡಿ ತೆಗೆದು ಆ ಬೆಳಕಿಗೆ ಊದಿದರೆ ಸಾಕು, ಕೋಲು ಎದ್ದು ನಿಲ್ಲುತ್ತದೆ, ಅದರ ಮುಂದೆ ಅಪ್ಪನ ಭುಜವೂ ಕಂಡೀತು ಎಂದು ಕೈ ಮುಂದಾಗುತ್ತದೆ.

ಊದುವುದಿಲ್ಲ. ಮಾಸ್ಕ್ ಏರಿಸಿ ಯಂತ್ರ ಶುರುಮಾಡುತ್ತೇನೆ.