ಟೈರು ತಣ್ಣಗಾಗುವವರೆಗೆ

ಎಷ್ಟು ತಿಕ್ಕಿ ತೊಳೆದರೂ ಅಕ್ಕನ ಅಂಗೈಯಿಂದ ಟೈರಿನ ಕಪ್ಪು ಹೋಗುತ್ತಿರಲಿಲ್ಲ. ಹಿಂಗೈ ಮಾತ್ರ ಶುಭ್ರ. ಆ ಹಿಂಗೈಯನ್ನೇ ಟೈರಿಗೆ ತಾಗಿಸಿ, ಮಗುವಿನ ಜ್ವರ ನೋಡುವವಳಂತೆ ಒಂದು ಗಳಿಗೆ ಹಾಗೇ ಹಿಡಿದಿರುತ್ತಿದ್ದಳು. ಆಮೇಲೆ, "ಬಿಸಿ ಐತೆ, ಕೂತ್ಕೊ" ಅನ್ನುತ್ತಿದ್ದಳು. ಅವಳ ಅಂಗಡಿಗೆ ಅದೇ ಕಾನೂನು.

ದೇವನಹಳ್ಳಿಯಿಂದ ಪಕ್ಕದ ವಿಜಯಪುರಕ್ಕೆ ಹೋಗುವ ರಸ್ತೆಯಲ್ಲಿ, ಹೊಂಗೆ ಮರದಡಿ ಅವಳ ಪಂಕ್ಚರ್ ಅಂಗಡಿ. ಬಂದವರಿಗೆಲ್ಲ ಅವಳು ಅಕ್ಕ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ನಡೆಸುತ್ತಿದ್ದಳು, ಮಕ್ಕಳಿರಲಿಲ್ಲ. ನಾನು ವಿಜಯಪುರದ ಹೈಸ್ಕೂಲಿಗೆ ವಿಜ್ಞಾನದ ಟೀಚರಾಗಿ ಬಂದು, ಅಂಗಡಿಯ ಹಿಂದಿನ ಬೀದಿಯಲ್ಲಿ ರೂಮು ಹಿಡಿದಿದ್ದೆ. ವಿಮಾನ ನಿಲ್ದಾಣದ ಕೆಲಸ ಜೋರಾಗಿ ನಡೆದಿದ್ದ ಕಾಲ. ಜಲ್ಲಿ ತುಂಬಿದ ಟಿಪ್ಪರುಗಳು ಅವಳ ಮುಂದೆ ಸಾಲುಗಟ್ಟಿ ನಿಲ್ಲುತ್ತಿದ್ದವು.

ಒಂದು ಮಧ್ಯಾಹ್ನ ಡ್ರೈವರೊಬ್ಬ ಅವಸರ ಮಾಡಿದ. "ಗಾಳಿ ಜಾಸ್ತಿ ತೋರಿಸ್ತೈತೆ ಕಣಕ್ಕ. ಸ್ವಲ್ಪ ಬಿಟ್ಬಿಡು, ಹೊರಡ್ತೀನಿ."

"ಬಿಸಿಗೆ ಒಳಗಿನ ಗಾಳಿ ಒತ್ತುತಾ ಐತೆ ಕಣಪ್ಪ. ಈಗ ಬಿಟ್ರೆ ತಣ್ಣಗಾದ್ಮೇಲೆ ಕಮ್ಮಿ ಬೀಳ್ತದೆ. ಕಮ್ಮಿ ಗಾಳೀಲಿ ಲೋಡು ಎಳೆದ್ರೆ ಟೈರು ಸಿಡೀತದೆ. ಕೂತ್ಕೊ, ಮಜ್ಜಿಗೆ ಕುಡಿ."

ಅವನು ಗೊಣಗುತ್ತಲೇ ಕೂತ. ಟೈರು ತಣ್ಣಗಾಗುವಷ್ಟರಲ್ಲಿ ಅವನ ಊರು, ಹೆಂಡತಿ, ಅತ್ತೆಯ ಮಂಡಿನೋವು ಎಲ್ಲ ಅಕ್ಕನಿಗೆ ಗೊತ್ತಾಗಿತ್ತು. ಮರದಡಿ ಯಾವಾಗಲೂ ನಾಲ್ಕು ಜನರ ನಗು. ನಾನೂ ಅನಿಲದ ಪಾಠವನ್ನು ಅಕ್ಕನ ಟೈರಿನಿಂದಲೇ ಶುರುಮಾಡುತ್ತಿದ್ದೆ. ಪುಸ್ತಕಕ್ಕಿಂತ ಮಕ್ಕಳ ತಲೆಗೆ ಅದು ಬೇಗ ಹತ್ತುತ್ತಿತ್ತು.

ವಿಮಾನಗಳು ಹಾರತೊಡಗಿದವು, ಟಿಪ್ಪರುಗಳು ಬರುವುದು ನಿಂತಿತು. ದೊಡ್ಡ ರಸ್ತೆಯ ಬಂಕುಗಳಲ್ಲಿ ಗಾಳಿ ಹಾಕುವ ಮಿಷನ್ನುಗಳು ಬಂದವು. ಅಕ್ಕ ಮಾತ್ರ ದಿನಾ ಅದೇ ದೊಡ್ಡ ಪಾತ್ರೆಯ ತುಂಬ ಮಜ್ಜಿಗೆ ಮಾಡುತ್ತಿದ್ದಳು. ಸಂಜೆ ಅದನ್ನು ಮರದ ಬುಡಕ್ಕೆ ಸುರಿಯುವುದನ್ನು ನೋಡಿ ನನಗೆ ಸಂಕಟವಾಗುತ್ತಿತ್ತು.

ಡಿಸೆಂಬರಿನ ಒಂದು ಬೆಳಿಗ್ಗೆ, ಎದುರಿಗಿದ್ದವರು ಕಾಣದಷ್ಟು ಮಂಜು. ಮುಂದಿನ ಚಕ್ರದಲ್ಲಿ ಗಾಳಿ ಇಳಿದಿತ್ತೆಂದು ಸ್ಕೂಟರನ್ನು ತಳ್ಳಿಕೊಂಡೇ ಹೋದೆ. ಅಕ್ಕ ಹಿಂಗೈ ತಾಗಿಸಿದಳು. "ಬಿಸಿ ಐತೆ, ಕೂತ್ಕೊ" ಅಂದಳು.

ನಗು ಬಂತು. "ಅಕ್ಕ, ಗಾಡಿ ಸ್ಟಾರ್ಟೇ ಮಾಡಿಲ್ಲ. ತಳ್ಕೊಂಡು ಬಂದೆ."

ಅವಳು ಮುಖ ಎತ್ತಲಿಲ್ಲ. ಕೈ ಟೈರಿನ ಮೇಲೇ ಇತ್ತು.

"ಆದ್ರೂ ಬಿಸಿ ಐತೆ ಕಣವ್ವ."

ನಾನು ಕೂತೆ. ಶಾಲೆಗೆ ತಡವಾಯಿತು, ಬೈಸಿಕೊಂಡೆ. ಆಮೇಲೆ ಟೈರು ಸರಿಯಿದ್ದರೂ ಹೋಗಿ ಕೂರುತ್ತಿದ್ದೆ. ರೂಮಿನಲ್ಲಿ ನನ್ನೊಡನೆ ಮಾತಾಡುವವರು ತಾನೇ ಯಾರಿದ್ದರು!

ರಸ್ತೆ ಅಗಲವಾಗಿ ಹೊಂಗೆ ಮರ ಹೋಗುವ ಮೊದಲೇ ಅಕ್ಕ ತೀರಿಕೊಂಡಳು. ಈಗ ಬಂಕಿನಲ್ಲಿ ಗಾಳಿ ಹಾಕಿಸುತ್ತೇನೆ. ಗಾಳಿ ತುಂಬಿತೆಂದು ಮಿಷನ್ನು ಕೀ ಎಂದ ಕೂಡಲೇ ಹಿಂದಿನವರು ಹಾರನ್ ಹೊಡೆಯುತ್ತಾರೆ. ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ ಹಿಂಗೈಯಿಂದ ಟೈರು ಮುಟ್ಟಿ ನೋಡುತ್ತೇನೆ. ಬಿಸಿ ಇರುತ್ತದೆ. ಕೂತ್ಕೊ ಅನ್ನುವವರು ಇಲ್ಲ.