ಕಾಲುವೆ ತುದಿಯಲ್ಲಿ ಕೈ ಬೀಸಿದವರು

ದೆವ್ವ, ಶಕುನ, ಮೈಮೇಲೆ ಬರುವುದು, ಇವೆಲ್ಲ ಕೆಲಸವಿಲ್ಲದವರ ಕಸುಬು ಎಂದು ನಾನು ಮುಖಕ್ಕೆ ಹೊಡೆದಂತೆ ಹೇಳುತ್ತಿದ್ದೆ. ಅಂಥವರ ಮೇಲೆ ಈಗಲೂ ನನಗೆ ಗೌರವ ಹುಟ್ಟಿಲ್ಲ. ನನ್ನ ಮೇಲೆ ನನಗಿದ್ದ ಗೌರವ ಮಾತ್ರ ಹೊರಟುಹೋಗಿದೆ.

ಎಂಬತ್ತರ ದಶಕದ ಕೊನೆ. ಸಿಂಧನೂರು ಸುತ್ತಿನ ಹತ್ತಿಗೆ ಔಷಧ ಹೊಡೆಯಲು ಸಣ್ಣ ವಿಮಾನ ಬರುತ್ತಿತ್ತು. ಗೊರೇಬಾಳದ ಆಚೆ, ಕಾಲುವೆ ಪಕ್ಕದಲ್ಲಿ ಎರೆಮಣ್ಣು ಬಡಿದು ಮಾಡಿದ ಪಟ್ಟಿಯೇ ಅದರ ರನ್‌ವೇ. ಗಾಳಿ ಎತ್ತ, ಮೋಡ ಎಷ್ಟು, ನೆಲ ಹೇಗಿದೆ ಎಂದು ದಿನಾ ಬೆಳಿಗ್ಗೆ ಬಳ್ಳಾರಿಯಲ್ಲಿದ್ದ ಪೈಲಟ್‌ಗೆ ಫೋನಿನಲ್ಲಿ ಹೇಳಲು ಲಿಂಗಸುಗೂರು ಕಚೇರಿಯಿಂದ ನನ್ನನ್ನು ಹಾಕಿದ್ದರು. ನಾನು ಫೋನ್ ಮಾಡುವ ಮೊದಲು ಪಟ್ಟಿಯ ಕಾವಲುಗಾರ ಅಮರಪ್ಪ ಈ ತುದಿಯಿಂದ ಆ ತುದಿಗೆ ಬರಿಗಾಲಲ್ಲಿ ನಡೆದು ನೆಲ ನೋಡುತ್ತಿದ್ದ. ಅಕ್ಷರ ಬಾರದ ಮುದುಕನ ಅಂಗಾಲು ನಂಬಿ ವಿಮಾನ ಇಳಿಸಬೇಕೇ ಎಂದು ನಾನು ಎಲ್ಲರೆದುರು ನಗುತ್ತಿದ್ದೆ.

ಒಂದು ಸಂಜೆ ಆತ, “ಸಾಹೇಬ್ರ, ನಾಳಿ ಎತ್ತು ತರಾಕ ಮಸ್ಕಿ ಸಂತಿಗಿ ಹೊಂಟೀನ್ರಿ. ಕಾಲುವಿ ನೀರು ಬಸಿಯಾಕತ್ತೈತಿ. ಮ್ಯಾಲ ಒಣಗಿದಂಗ ಕಾಣ್ತೈತಿ, ಒಳಗ ರಾಡಿ ಇರತೈತಿ. ಆ ತುದಿತನಕ ನಡದು ನೋಡ್ರಿ,” ಎಂದ.

“ನಂಗೊತ್ತೈತಿ, ಹೋಗಲೇ,” ಎಂದೆ.

ಮರುದಿನ ಬೂಟುಗಾಲಲ್ಲಿ ಹತ್ತು ಹೆಜ್ಜೆ ಹೋಗಿ, ಹಿಮ್ಮಡಿಯಿಂದ ಗುದ್ದಿ ನೋಡಿ ತಿರುಗಿದೆ. ನೆಲ ಒಣಗಿದೆ ಎಂದು ಸಿಂಧನೂರಿನಿಂದ ಫೋನ್ ಮಾಡಿ, ಮತ್ತೆ ಬಂದು ಪಟ್ಟಿಯ ಬಳಿ ನಿಂತೆ. ವಿಮಾನ ಬಂತು. ಚಕ್ರ ಇನ್ನೇನು ನೆಲ ಮುಟ್ಟಬೇಕು ಅನ್ನುವಾಗ ಒಮ್ಮೆಲೇ ಮೇಲೆದ್ದು, ಬಂದ ದಾರಿಯಲ್ಲೇ ಹೊರಟುಹೋಯಿತು. ಪಟ್ಟಿಯ ಮೇಲೆ ನನ್ನ ಕಣ್ಣಿಗೆ ಒಂದು ನಾಯಿಯೂ ಕಾಣಲಿಲ್ಲ.

ಸಂಜೆ ಪೈಲಟ್ ಜೀಪಿನಲ್ಲಿ ಬಂದ. ಪಟ್ಟಿಯ ಆ ತುದಿಯಲ್ಲಿ, ಕಾಲುವೆ ಬಳಿ, ಬಿಳಿ ಬಟ್ಟೆಯವರೊಬ್ಬರು ಎರಡೂ ಕೈ ಬೀಸಿ ಬೇಡವೆಂದರಂತೆ. ಮುಖ ಕಾಣಲಿಲ್ಲ, ನೀವೇನಾ ಎಂದು ಕೇಳಿದ. ನನ್ನ ಅಂಗಿಯೂ ಬಿಳಿಯದೇ. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಆ ತುದಿಗೆ ಹೋದರೆ ಜೀಪಿನ ಚಕ್ರ ಅರ್ಧ ಹೂತುಹೋಯಿತು. ವಿಮಾನ ಇಲ್ಲಿ ಇಳಿದಿದ್ದರೆ ಮಗುಚುತ್ತಿತ್ತು ಎಂದ ಪೈಲಟ್. ಇಳಿದು ಸುತ್ತಲೂ ನೋಡಿದೆ. ನಮ್ಮವು ಬಿಟ್ಟರೆ ಒಂದೇ ಒಂದು ಹೆಜ್ಜೆಗುರುತು ಇರಲಿಲ್ಲ.

ವಿಮಾನ ಬಂದ ಹೊತ್ತಿನಲ್ಲಿ ಅಮರಪ್ಪ ಮಸ್ಕಿಯಲ್ಲಿ ಎತ್ತಿನ ಹಲ್ಲು ನೋಡುತ್ತಿದ್ದನೆಂದು ಜೊತೆಗೆ ಹೋದ ನಾಲ್ವರು ಹೇಳಿದರು. ಅವನನ್ನೇ ಕೇಳಿದೆ. “ಯಾರರ ಇರ್ಲಿ ಬಿಡ್ರಿ, ಮನಶ್ಯಾ ಉಳದಾನಲ್ಲ,” ಎಂದ.

ಮೇಲಿನವರು ವರದಿ ಕೇಳಿದರು. ನಿಜ ಬರೆದರೆ ನೌಕರಿ ಹೋಗುತ್ತಿತ್ತು. ಫೋನ್ ಮಾಡಿದ ಮೇಲೆ ನೆಲ ಹಸಿಯಾದದ್ದು ಕಂಡು ನಾನೇ ಓಡಿಹೋಗಿ ಕೈ ಬೀಸಿದೆ ಎಂದು ಬರೆದುಕೊಟ್ಟೆ. ಶಾಭಾಸ್‌ಗಿರಿ ಪತ್ರವೂ ಬಂತು. ಎಂಥ ನಾಚಿಕೆಗೇಡಿ ನಾನು!

ಹಂಗಾಮು ಮುಗಿದು ತನ್ನ ಊರಿಗೆ ಹೊರಟ ದಿನ ಪೈಲಟ್ ನನ್ನ ಎರಡೂ ಕೈ ಹಿಡಿದುಕೊಂಡು, ತನಗೆ ಆರು ತಿಂಗಳ ಮಗಳಿದ್ದಾಳೆ, ಈ ಕೈಗಳನ್ನು ಸಾಯುವತನಕ ಮರೆಯುವುದಿಲ್ಲ ಎಂದ. ಆ ಬೆಳಿಗ್ಗೆ ಬೀಸಿದ ಕೈಗಳು ಯಾರವೋ ನನಗೆ ಇವತ್ತಿಗೂ ತಿಳಿದಿಲ್ಲ. ನನ್ನವಲ್ಲ ಎಂಬುದಷ್ಟೇ ಗೊತ್ತು.