ಟೇಪಕ್ಕ ನೆಲದ ಮೇಲೆ ಹಾಕಿದ ಗುರುತು

ಕೊರಳಲ್ಲಿ ಸದಾ ಅಳತೆಯ ಟೇಪು ನೇತಾಡುವುದರಿಂದ ನಮ್ಮ ಓಣಿಯವರು ಅವಳನ್ನು ಟೇಪಕ್ಕ ಎನ್ನುತ್ತಾರೆ. ಬಾಗಿಲ ಪಕ್ಕದ ಹೊಲಿಗೆ ಮಿಷನ್ನಿನ ಮುಂದೆ ಇಪ್ಪತ್ತಾರು ವರ್ಷ ಕಳೆದಿದ್ದಾಳೆ. ಒಲೆಯ ಮೇಲೆ ನೀರು ಕುದಿಯುವಷ್ಟರಲ್ಲಿ ಒಂದು ತೋಳು, ಒಗೆದದ್ದು ಒಣಗುವಷ್ಟರಲ್ಲಿ ಒಂದು ಕಾಲರ್. ಯಾರ ಸೊಂಟದ ಸುತ್ತಳತೆ ಏಕೆ ಹೆಚ್ಚಿತು ಎಂಬುದು ಆಯಾ ಗಂಡಂದಿರಿಗಿಂತ ಮೊದಲು ಅವಳಿಗೆ ತಿಳಿಯುತ್ತದೆ.

ಎರಡು ವರ್ಷದ ಹಿಂದೆ ಅವಳ ಅತ್ತೆ ಜಾರಿ ಬಿದ್ದರು, ಮಂಡಿ ಮಡಚಲಾಗದಂತಾಯಿತು. ಓಣಿಯಲ್ಲಿ ಯಾರ ಮನೆಗೂ ಕಕ್ಕಸು ಇರಲಿಲ್ಲ. ಎಲ್ಲರೂ ಹಳೆಯ ಇಟ್ಟಿಗೆ ಗೂಡಿನ ಹಿಂದಿನ ಬಯಲಿಗೇ ಹೋಗಬೇಕು. ಅತ್ತೆಗೆ ಕೋಣೆಯಲ್ಲೇ ಬೋಗುಣಿ. ಅದನ್ನು ಹಿಡಿಯುವುದು, ಚೆಲ್ಲುವುದು, ತೊಳೆಯುವುದು ಟೇಪಕ್ಕನ ಪಾಲು. ಸೊಸೆ ಮತ್ತೆ ಮತ್ತೆ ಮಿಷನ್ ಬಿಟ್ಟು ಏಳುವುದನ್ನು ನೋಡಲಾರದೆ ಅತ್ತೆ ನೀರು ಕುಡಿಯುವುದನ್ನೇ ಕಡಿಮೆ ಮಾಡಿದರು. ತುಟಿ ಒಡೆದಿದ್ದರೂ "ಬಾಯಾರಿಕೇನೇ ಆಗಲ್ಲ ಕಣೆ" ಎನ್ನುವರು. ಉರಿಮೂತ್ರಕ್ಕೆ ಎರಡು ಸಲ ಆಸ್ಪತ್ರೆ ಕಂಡದ್ದಾಯಿತು. ಮೂರನೆಯ ಸಲ ಹೀಗಾದರೆ ಉಳಿಸುವುದು ಕಷ್ಟವೆಂದು ಡಾಕ್ಟರು ಹೇಳಿ ಕಳಿಸಿದ್ದರು.

ಆಗ ಓಣಿಗೆ ಕಕ್ಕಸು ಕಟ್ಟಿಸಿಕೊಡಲು ಪಂಚಾಯಿತಿಯ ಎಂಜಿನಿಯರು ಎರಡು ನಕ್ಷೆ ಹಿಡಿದು ಬಂದ, ಎಲ್ಲರನ್ನೂ ಸಭೆ ಸೇರಿಸಿದ. ಒಂದು, ಓಣಿಯ ತುದಿಯಲ್ಲಿ ಎಲ್ಲರಿಗೂ ಸೇರಿ ಟೈಲ್ಸ್ ಹಾಕಿದ ದೊಡ್ಡ ಕಟ್ಟಡ. ಇನ್ನೊಂದು, ಮನೆಮನೆಯ ಹಿತ್ತಲಲ್ಲೂ ಒಂದು ಕಕ್ಕಸು, ಎರಡು ಗುಂಡಿ. ಒಂದು ತುಂಬಿದರೆ ಇನ್ನೊಂದಕ್ಕೆ ತಿರುಗಿಸುವುದು, ಅದು ತುಂಬುವಷ್ಟರಲ್ಲಿ ಮೊದಲನೆಯದು ಗೊಬ್ಬರ.

"ಈ ಮಣ್ಣಿಗೆ ಎರಡೂ ಹೊಂದುತ್ತೆ. ಆರಿಸೋರು ನೀವೇ," ಎಂದ.

ಟೇಪಕ್ಕನ ಗಂಡ ಬಸ್ ಕಂಡಕ್ಟರ್, ಎಲ್ಲಿ ಸಭೆಯಾದರೂ ಎಲ್ಲರಿಗಿಂತ ಮೊದಲು ರೈಟ್ ಹೇಳುವ ಮನುಷ್ಯ. ಟೈಲ್ಸ್ ನೋಡಿದವನೇ ಕಟ್ಟಡಕ್ಕೆ ಕೈ ಎತ್ತಿದ. ಉಳಿದ ಗಂಡಸರ ಕೈಗಳೂ ಎದ್ದವು.

"ಸ್ವಲ್ಪ ತಡೀರಿ." ಟೇಪಕ್ಕ ಹಿಂದಿನಿಂದ ಎದ್ದು ಬಂದಳು. "ಟ್ರಯಲ್ ನೋಡದೆ ನಾನು ಯಾವ ಅಂಗೀನೂ ಮುಗಿಸಲ್ಲ. ಇದಕ್ಕೂ ಟ್ರಯಲ್ ಆಗ್ಲಿ."

"ಕಕ್ಕಸಿಗೆಂಥ ಟ್ರಯಲ್ಲೇ?" ಗಂಡ ನಕ್ಕ.

"ನೀವು ಕೂತ್ಕೊಳ್ರೀ."

ನಕ್ಷೆಯ ಅಳತೆ ಕೇಳಿಕೊಂಡು, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ಬಿಲ್ಲೆಯಿಂದ ಓಣಿಯ ತುದಿಯ ಕಲ್ಲುಹಾಸಿನ ಮೇಲೆ ಗೋಡೆ, ಬಾಗಿಲು ಬರೆದಳು. "ನಡೀರಿ ಅತ್ತೆ, ಅಲ್ಲಿಗೆ ಹೋಗಿಬನ್ನಿ."

ಅತ್ತೆ ಕೋಲೂರಿ ಹೊರಟರು. ಮೂರನೆಯ ಮನೆ, ಐದನೆಯ ಮನೆ. ಏಳನೆಯ ಮನೆಯ ಜಗಲಿಯ ಮೇಲೆ ಕುಸಿದು ಕೂತರು.

"ಇಷ್ಟೊತ್ತಿಗೆ ಎಲ್ಲಾ ಮುಗಿದ್ಹೋಗಿರುತ್ತೆ ಕಣೆ!"

ಹೆಂಗಸರು ಬಿದ್ದು ಬಿದ್ದು ನಕ್ಕರು. ಗಂಡಸರು ನಗಲಿಲ್ಲ.

"ಸರಿ, ಆ ಕಟ್ಟಡ ತೊಳೆಯೋರು ಯಾರು?" ಟೇಪಕ್ಕ ಕೇಳಿದಳು. ಗಂಡಸರೆಲ್ಲ ಒಟ್ಟಿಗೆ ಹೆಂಗಸರ ಕಡೆ ನೋಡಿದರು. "ಗೊತ್ತಾಯ್ತು ಬಿಡಿ. ಮನೇದಾದ್ರೆ ಸರದಿ ಹಾಕ್ತೀನಿ. ಕಂಡಕ್ಟರ್ ಸಾಹೇಬ್ರದ್ದೇ ಮೊದಲ್ನೇ ಟ್ರಿಪ್ಪು."

ಮತ್ತೆ ತನ್ನ ಹಿತ್ತಲ ಕಲ್ಲಿನ ಮೇಲೆ ಮನೆಯ ಕಕ್ಕಸನ್ನು ತನ್ನದೇ ಅಳತೆಗೆ ಬರೆದಳು. ಅತ್ತೆ ಒಳಗೆ ನಿಂತರು. ಒಳಕ್ಕೆ ತೆರೆಯುವ ಬಾಗಿಲು ಅವರ ಮಂಡಿಗೇ ಬಡಿಯುವಂತಿತ್ತು. "ಅಯ್ಯೋ, ಇಷ್ಟು ವರ್ಷ ಹೊಲಿದೂ ಅಂಗಿ ಹಾಕೋರನ್ನ ಬಿಟ್ಟು ನನ್ನಳತೆ ತಗೊಂಡೆನಲ್ಲ!" ಎಂದು ಅಂಗೈಯಲ್ಲಿ ಉಜ್ಜಿ ಅಳಿಸಿ, ಬಾಗಿಲನ್ನು ಹೊರಕ್ಕೆ ತಿರುಗಿಸಿದಳು. ಸ್ಟೂಲಿನ ಮೇಲೆ ಅತ್ತೆಯನ್ನು ಕೂರಿಸಿ ಕೂರುವ ಎತ್ತರ ಅಳೆದಳು. ಏಳುವಾಗ ಅವರ ಕೈ ಗಾಳಿಯಲ್ಲಿ ಎಲ್ಲಿ ಆಸರೆ ಹುಡುಕಿತೋ ಅಲ್ಲಿಗೆ ಹಿಡಿಕೆಯೆಂದು ಬರೆಸಿದಳು. ಎಂಜಿನಿಯರು ಮೊಣಕಾಲೂರಿ ಬರೆದುಕೊಳ್ಳುತ್ತಿದ್ದ.

"ಐದು ವರ್ಷ ಓದಿದೆ ಅಮ್ಮ, ಒಬ್ಬರನ್ನೂ ಹೀಗೆ ಕೂರಿಸಿ ನೋಡಿರ್ಲಿಲ್ಲ," ಎಂದ.

ಹಿತ್ತಲಲ್ಲಿ ಓಣಿಯೇ ನೆರೆದಿತ್ತು. ಯಾರೂ ಆ ಬಿಳಿಗೆರೆ ತುಳಿಯಲಿಲ್ಲ. ಇಲ್ಲದ ಗೋಡೆಯನ್ನು ಬಳಸಿಕೊಂಡು ನಡೆದರು. ಒಳಗೆ ನೋಡಬೇಕೆಂದವರು ಸಾಲುಗಟ್ಟಿ, ಇಲ್ಲದ ಬಾಗಿಲಿನಿಂದಲೇ ಹೋಗಿಬಂದರು. ಕಂಡಕ್ಟರ್ ಅಂತೂ ಎತ್ತರದ ಆಸಾಮಿ, ತಲೆ ಬಗ್ಗಿಸಿಯೇ ಒಳಹೊಕ್ಕ. ಸಂಜೆಯೊಳಗೆ ಮತ್ತೆ ಕೈ ಎತ್ತಿಸಿದಾಗ ಹಿತ್ತಲ ಕಕ್ಕಸೇ ಗೆದ್ದಿತು.

ನಾಲ್ಕು ತಿಂಗಳಿಗೆ ಅದರ ಬಾಗಿಲು ಕೂತಿತು. ಅಂದು ಅತ್ತೆ ಒಬ್ಬರೇ ಹೋದರು, ಒಬ್ಬರೇ ಬಂದರು. ಬಂದು ಮಿಷನ್ನಿನ ಪಕ್ಕ ಕೂತರು.

"ಬಾಯಾರಿಕೆ ಆಗ್ತಿದೆ."

ಟೇಪಕ್ಕ ಏಳಹೋದಳು. ಅತ್ತೆ ಅವಳ ಭುಜ ಒತ್ತಿ ಕೂರಿಸಿದರು.

"ನೀ ಹೊಲಿಯೇ. ಏ ಕಂಡಕ್ಟರ್, ಒಂದು ಚೊಂಬು ನೀರು ತಗೊಂಡ್ ಬಾರೋ. ತುಂಬಾ ತಾ."